ಪದರವಿಲ್ಲದ ಅಣಬೆ

ಜುಲೈ 6, ಭಾನುವಾರ

ಇಂದಿನಿಂದ ಈ ಮನೆಯಲ್ಲಿ ಎರಡು ದಾಖಲೆಗಳು ಇರತಕ್ಕದ್ದು. ಮೊದಲನೆಯದು ಅಡುಗೆಮನೆಯ ಗೋಡೆಯ ಮೇಲಿನ ತಖ್ತೆ. ನನ್ನ ಹೆಂಡತಿ ಅನುರಾಧಾ ಅಂಗನವಾಡಿ ಮೇಲ್ವಿಚಾರಕಿ. ನಾಲ್ಕು ವಾರದ ತರಬೇತಿಗೆಂದು ಇವತ್ತು ಕಲಬುರಗಿಗೆ ಹೋಗುವ ಮುನ್ನ ಒಂದು ದೊಡ್ಡ ಬಿಳಿ ಡ್ರಾಯಿಂಗ್ ಹಾಳೆಗೆ ಗೆರೆ ಹೊಡೆದು ಗೋಡೆಗೆ ಅಂಟಿಸಿದಳು. "ಅಪ್ಪ ಏನ್ ಉಂಡ, ಎಷ್ಟ್ ಉಂಡ, ದಿನಕ್ಕ ಮೂರು ಸಲ ಬರೀರಿ. ಸುಳ್ಳು ಬರದ್ರ ನನಗ ಗೊತ್ತಾಗ್ತದ," ಅಂದಳು. ಎರಡನೆಯ ದಾಖಲೆ ಈ ದಿನಚರಿ. ತಖ್ತೆಯಲ್ಲಿ ಬರೆಯಲಾಗದ ಸತ್ಯಗಳಿಗೆ ಮಾತ್ರ ಇದು ಮೀಸಲು. ನಾನಲ್ಲದೆ ಬೇರೆ ಯಾರೂ ಓದತಕ್ಕದ್ದಲ್ಲ.

ಪ್ರಕರಣದ ಹಿನ್ನೆಲೆ: ನನ್ನ ಮಾವ ದ್ಯಾವಪ್ಪನವರು ಕಕ್ಕೇರಾದವರು. ವಯಸ್ಸು ಅರವತ್ತೇಳು. ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿಯಿಂದ ನಿವೃತ್ತರು. ಏಪ್ರಿಲ್‌ನಲ್ಲಿ ಅವರಿಗೆ ಕಾಮಾಲೆ ಬಂತು. ಕಾಮಾಲೆ ಹೋಯಿತು, ಹೋಗುವಾಗ ಹಸಿವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಸುರಪುರದ ಡಾಕ್ಟರು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ನಲವತ್ನಾಲ್ಕು ಕೆಜಿ ಅಂದರು. ನಲವತ್ತೆರಡಕ್ಕೆ ಇಳಿದರೆ ಕಲಬುರಗಿಗೆ ಒಯ್ದು ಮೂಗಿನಲ್ಲಿ ನಳಿಕೆ ಹಾಕಿಸಬೇಕಾಗುತ್ತದೆ ಅಂತಲೂ ಅಂದರು. ಪ್ರತಿ ಶುಕ್ರವಾರ ತೋರಿಸಬೇಕು. ಹಾಗಾಗಿ ಮಾವನನ್ನು ರಂಗಂಪೇಟೆಯ ನಮ್ಮ ಮನೆಗೆ ಕರೆತಂದೆವು. ಕರೆತಂದ ಮರುದಿನವೇ ಅನುರಾಧಾಳಿಗೆ ತರಬೇತಿಯ ಆದೇಶ ಬಂತು. ಸರಕಾರದ ಸಮಯಪ್ರಜ್ಞೆ ಮೆಚ್ಚತಕ್ಕದ್ದು.

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನಾನೂ ಮಾವನೂ ಆಡಿದ ಮಾತುಗಳನ್ನು ಒಂದು ಬಸ್ ಟಿಕೆಟಿನ ಹಿಂದೆ ಬರೆಯಬಹುದು. "ಆರಾಮ್ರಿ?" "ಆರಾಮ್ರಿ ಮಾಸ್ತರ. ನೀವು?" "ಆರಾಮ್ರಿ." ಇಂದು ರಾತ್ರಿ ಅದಕ್ಕೆ ಎರಡು ಪದ ಸೇರಿದವು. ನಾನು ರೊಟ್ಟಿ ಬಡಿಸಲು ಬಾಗಿದಾಗ ಮಾವ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು, "ಸಾಕ್ರಿ ಮಾಸ್ತರ," ಅಂದರು. ಅದಕ್ಕಿಂತ ಮೊದಲು ಏನೂ ಬಡಿಸಿರಲಿಲ್ಲ.

ಜುಲೈ 8, ಮಂಗಳವಾರ

ಈವರೆಗಿನ ಪ್ರಯೋಗಗಳು: ರವೆಗಂಜಿ, ಹೆಸರುಬೇಳೆ ಕಟ್ಟು, ಮೊಸರನ್ನ, ಖಾನಾವಳಿಯ ಮೆತ್ತನೆಯ ರೊಟ್ಟಿ. ಎಲ್ಲದರ ಫಲಿತಾಂಶವೂ ಮೂರು ತುತ್ತು. ನಾನು ಪಾತ್ರೆ ಹಿಡಿದು ಬಂದರೆ ಸಾಕು, ಮಾವ ಕುಳಿತಲ್ಲಿಂದ ಅರ್ಧ ಏಳುತ್ತಾರೆ, ಬಡಿಸಲು ತಹಶೀಲ್ದಾರರೇ ಬಂದ ಹಾಗೆ. ಉಂಡ ತಾಟನ್ನು ನಾನು ತೊಳೆಯುವಾಗ ಅವರು ಅಂಗಳಕ್ಕೆ ಹೋಗಿ ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಾರೆ.

ಪಕ್ಕದ ಮನೆಯ ಸುಂದ್ರಮ್ಮ ಕಾಂಪೌಂಡಿನ ಮೇಲಿಂದ ತಮ್ಮ ವರದಿ ಸಲ್ಲಿಸಿದರು. "ಮಾಸ್ತರ, ಅವರಿಗೆ ಹಸಿವಿಲ್ಲ ಅಂತ ಅಲ್ರಿ. ಮಗಳ ಮನಿ ಊಟ ಅಂದ್ರ ಹಿರೇರು ಹಿಂದ್ ಸರೀತಾರ. ಅದ್ರಾಗ ಮಗಳೂ ಊರಾಗಿಲ್ಲ, ಅಳಿಯ ಬಡಸ್ತಾನ, ಅಳಿಯ ತಾಟು ತೊಳೀತಾನ. ನಮ್ಮಪ್ಪ ನಮ್ಮ ಮನಿಗಿ ಬಂದ್ರ ನೀರು ಸೈತ ತನ್ನ ಬಾಟ್ಲಿದ ಕುಡೀತಿದ್ದ."

ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕ. ಹಸಿವು ಎಂಬುದು ಜಠರದ ಒಂದು ಹಾರ್ಮೋನಿನ ಕೆಲಸ, ಅದು ಮಗಳ ಮನೆ ಮಗನ ಮನೆ ನೋಡುವುದಿಲ್ಲ ಎಂದು ಸವಿಸ್ತಾರವಾಗಿ ತಿಳಿಸಿದೆ.

"ಹೌದ್ರಿ? ಹಂಗಾರ ಆ ಹಾರ್ಮೋನಿಗೇ ಬಡಸ್ರಿ," ಎಂದು ಸುಂದ್ರಮ್ಮ ಒಳಗೆ ಹೋದರು.

ಜುಲೈ 11, ಶುಕ್ರವಾರ

ಮಳೆ. ಕಾಲು ರೊಟ್ಟಿ. ತೂಕ 43.1.

ಜುಲೈ 13, ಭಾನುವಾರ

ಬೆಳಿಗ್ಗೆ ಮಾವ ಹಿತ್ತಿಲಿನಿಂದ ಒಂದು ವಸ್ತುವನ್ನು ಎರಡೂ ಅಂಗೈಯಲ್ಲಿ ಹಿಡಿದು ಬಂದರು. ಮೇಲುಗಡೆ ಬೇಕರಿಯ ಬನ್ನಿನ ಹಾಗೆ ಉಬ್ಬಿದ, ಕಂದು ಬಣ್ಣದ ಟೋಪಿ. ಕೆಳಗೆ ಮಗುವಿನ ತೋಳಿನಷ್ಟು ದಪ್ಪ ದಿಂಡು. ಅಣಬೆ. ಹಿತ್ತಿಲಿನ ಹುಣಸೆ ಮರದ ಬುಡದಲ್ಲಿ ಇಂಥವು ಇನ್ನೂ ಆರು ಎದ್ದಿವೆಯಂತೆ.

"ಮಾಸ್ತರ, ಇದರ ಪಲ್ಲೆ ಮಾಡಿದ್ರ ಭಾಳ ಛಲೋ ಆಗ್ತದ್ರಿ. ಉಳ್ಳಾಗಡ್ಡಿ, ಹಸೇಖಾರ, ಒಂದೀಟು ಎಣ್ಣಿ," ಅಂದರು.

ನಾನು ಕುರ್ಚಿ ಹಿಡಿದುಕೊಂಡೆ. ಮೂರು ತಿಂಗಳಲ್ಲಿ ಮಾವ ತಾವಾಗಿ ಒಂದು ತಿನಿಸಿನ ಹೆಸರು ಹೇಳಿದ್ದು ಇದೇ ಮೊದಲು. ಕಣ್ಣಲ್ಲಿ ಹೊಳಪಿತ್ತು. ಈಗಷ್ಟೇ ಗುಣವಾದ ಪಿತ್ತಜನಕಾಂಗದ ಯಜಮಾನರು ಬಾಯಿ ತೆರೆದು ಕೇಳಿದ್ದು ವಿಷವಿರಬಹುದಾದ ಅಣಬೆಯನ್ನು. ಕೊಟ್ಟರೆ ಪ್ರಾಣಕ್ಕೆ ಅಪಾಯ, ಕೊಡದಿದ್ದರೆ ಮೂಗಿಗೆ ನಳಿಕೆ.

"ನೀವು ಹಿಂದ ಇದನ್ನ ತಿಂದೀರೇನ್ರಿ?" ಅಂದೆ.

"ಹುತ್ತದ ಮ್ಯಾಲಿಂದು ತಿಂದೀನ್ರಿ. ಅದು ಬಿಳೇದು, ಕೆಳಗ ಪದರ ಪದರ ಇರ್ತದ. ಇದಕ್ಕ ಪದರ ಇಲ್ಲ ನೋಡ್ರಿ."

"ಇರ್ತಾವ್ರಿ. ಅಣಬೆ ಅಂದ ಮ್ಯಾಲ ಪದರ ಇರ್ತಾವ." ಇಪ್ಪತ್ತೆರಡು ವರ್ಷದಿಂದ ಇದನ್ನೇ ಕಲಿಸಿದ್ದೇನೆ. ಟೋಪಿ, ಪದರ, ದಿಂಡು. ಚಿತ್ರ ಬರೆದು ಭಾಗ ಗುರುತಿಸಿದರೆ ನಾಲ್ಕು ಅಂಕ.

"ನೀವ ನೋಡ್ರಿ ಹಂಗಾರ."

ತಿರುಗಿಸಿ ನೋಡಿದೆ. ಪದರ ಇರಲಿಲ್ಲ. ಅದರ ಜಾಗದಲ್ಲಿ ಪಾತ್ರೆ ತೊಳೆಯುವ ಸ್ಪಂಜಿನಂಥ ಹಳದಿ ಮೆತ್ತೆ, ಅದರ ತುಂಬ ಸೂಜಿ ಚುಚ್ಚಿದಂಥ ಸಣ್ಣ ತೂತುಗಳು. ಮಾವ ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಜಾಗ ನಮ್ಮ ಕಣ್ಣೆದುರೇ ಮೆಲ್ಲಗೆ ನೀಲಿಯಾಯಿತು, ಮತ ಹಾಕಿದ ಬೆರಳಿನ ಹಾಗೆ.

ತನಿಖೆ ಮುಗಿಯುವ ತನಕ ಯಾರೂ ಇದನ್ನು ತಿನ್ನತಕ್ಕದ್ದಲ್ಲ ಎಂದು ಆದೇಶಿಸಿ ಆರೋಪಿಯನ್ನು ಕಪಾಟಿನ ಮೇಲೆ ಇಟ್ಟೆ. ಮಾವ ಅದರ ಪಕ್ಕದಲ್ಲಿ ಒಂದು ಲೋಟ ನೀರಿಟ್ಟರು. ಯಾಕೆಂದು ಕೇಳಲಿಲ್ಲ.

ಜುಲೈ 14, ಸೋಮವಾರ

ಸಂಜೆ ಶಾಲೆಯಿಂದ ಬಂದೊಡನೆ ತನಿಖೆ ಆರಂಭ. ಮೊಬೈಲಿನ ಒಂದು ಆ್ಯಪ್‌ಗೆ ಫೋಟೊ ತೋರಿಸಿದೆ. ಅದು ಬಹಳ ಯೋಚಿಸಿ "ಪಾವ್" ಅಂದಿತು. ಎರಡನೆಯ ಸಲ ತಿರುಗಿಸಿ ತೋರಿಸಿದರೆ "ಸ್ಪಂಜು" ಅಂದಿತು. ಆ್ಯಪ್ ಅನ್ನು ಸೇವೆಯಿಂದ ವಜಾ ಮಾಡಿದೆ.

ಆಮೇಲೆ ನಾನು ಬರೆಯುವವನು, ಮಾವ ಹೇಳುವವರು. ಅವರು ಗೇಣಿನಿಂದ ಅಳೆದು, "ಟೋಪಿ ಒಂದು ಗೇಣಿಗೆ ಎರಡು ಬೆರಳು ಕಮ್ಮಿ" ಅಂದರು. ಮೇಲ್ಮೈ ಸವರಿ, "ಜಾರಂಗಿಲ್ಲ, ಮಖಮಲ್ ಅದ" ಅಂದರು. ಇನ್ನೊಂದು ಅಣಬೆಯನ್ನು ಕೀಳಲಿಲ್ಲ, ಕಳೆ ಕೀಳುವ ಕುರ್ಚಿಗೆಯಿಂದ ಸುತ್ತಲೂ ಮಣ್ಣು ಬಿಡಿಸಿ ಬುಡ ಸಮೇತ ಎತ್ತಿ ತಂದರು.

"ಬುಡ ಯಾಕ್ರಿ?"

"ಗೇಟು ಕೆಟ್ರ ಮ್ಯಾಲಿನ ಚಕ್ರ ನೋಡಿ ಬಿಟ್ರ ಆಗಂಗಿಲ್ರಿ. ನೀರಾಗಿನ ತಳಾನೂ ನೋಡಬೇಕು."

ತಳ ನೋಡಿದೆವು. ದಿಂಡು ಕೆಳಗೆ ಹೋದಂತೆ ದಪ್ಪ. ಬುಡದಲ್ಲಿ ಬಟ್ಟಲಿನಂಥ ಚೀಲ ಇಲ್ಲ, ನಡುವೆ ಉಂಗುರ ಇಲ್ಲ, ಮೈಮೇಲೆ ಬಲೆಯಂಥ ಗೆರೆಗಳೂ ಇಲ್ಲ. ಮಾವ ಚಾಕುವಿನಿಂದ ಉದ್ದಕ್ಕೆ ಸೀಳಿದರು. ಒಳಗೆ ತಿಳಿಹಳದಿ, ಸ್ಪಂಜಿನ ಹತ್ತಿರ ಒಂದು ಗೆರೆ ನೀಲಿ. ಹುಳ ಇಲ್ಲ. "ವಾಸನಿ?" ಅಂದೆ. ಅವರು ಕಣ್ಣು ಮುಚ್ಚಿ ಮೂಸಿ, "ಮೊದಲ ಮಳಿ ಬಿದ್ದ ಕಾಲುವಿ ದಂಡಿ," ಅಂದರು. ಇದು ವೈಜ್ಞಾನಿಕ ಪರಿಭಾಷೆಯಲ್ಲ, ಆದರೂ ಬರೆದುಕೊಂಡೆ.

ತಖ್ತೆ ತುಂಬಲು ಹೋದಾಗ ಒಂದು ಗೊಂದಲ. ನಡುವೆ ಇಬ್ಬರ ಮುಂದೆಯೂ ತಾಟು ಇಟ್ಟಿದ್ದೆ, ಎರಡೂ ಖಾಲಿಯಾಗಿವೆ. ಮಾವನ ಎರಡು ರೊಟ್ಟಿ ಎಲ್ಲಿ ಹೋದವೋ ತಿಳಿಯದು. ಸುಂದ್ರಮ್ಮನ ಬೆಕ್ಕಿನ ಮೇಲೆ ಅನುಮಾನವಿದೆ.

ಜುಲೈ 15, ಮಂಗಳವಾರ

ಸುಂದ್ರಮ್ಮ ಪರೀಕ್ಷೆ ಸೂಚಿಸಿದರು. "ಬೆಳ್ಳಿ ಹಾಕಿ ಕುದಸ್ರಿ. ಬೆಳ್ಳಿ ಕಪ್ಪಾದ್ರ ವಿಷ, ಬೆಳ್ಳಗಿದ್ರ ಪಲ್ಲೆ." ಇದಕ್ಕೆ ಯಾವ ಆಧಾರವೂ ಇಲ್ಲ ಎಂದು ಹೇಳಿ, ಆಧಾರವಿಲ್ಲವೆಂದು ತೋರಿಸುವುದಕ್ಕಾಗಿಯೇ ಅನುರಾಧಾಳ ಬೆಳ್ಳಿಯ ಕುಂಕುಮ ಭರಣಿಯನ್ನು ಅಣಬೆಯ ತುಂಡಿನ ಜೊತೆ ಕುದಿಸಿದೆ. ಭರಣಿ ಮೊದಲಿಗಿಂತ ಬೆಳ್ಳಗಾಗಿ ಹೊರಬಂತು.

"ಆತಲ್ರಿ, ಉಣ್ರಿ ಇನ್ನ," ಅಂದರು ಸುಂದ್ರಮ್ಮ.

"ನೀವು ಉಣ್ತೀರೇನ್ರಿ?"

"ನಮ್ಮ ಮನ್ಯಾಗ ಇವತ್ತ ಬ್ಯಾಳಿ ಮಾಡೀನ್ರಿ."

ಮಾವ ನಕ್ಕರು. ಅವರಿಗೆ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇಲ್ಲವೆಂಬುದು ಹತ್ತೊಂಬತ್ತು ವರ್ಷದಲ್ಲಿ ನನಗೆ ಇವತ್ತು ತಿಳಿಯಿತು.

ಜುಲೈ 16, ಬುಧವಾರ

ಪುಸ್ತಕವೊಂದರಲ್ಲಿ ಹೀಗಿದೆ: ಅಣಬೆಯ ಟೋಪಿಯನ್ನು ಬಿಳಿ ಹಾಳೆಯ ಮೇಲೆ ಬೋರಲಾಗಿಟ್ಟು ಮೇಲೊಂದು ಬೋಗುಣಿ ಮುಚ್ಚಿದರೆ, ಕೆಲವು ಗಂಟೆಗಳಲ್ಲಿ ಅದರ ಬೀಜಕಣಗಳು ಉದುರಿ ಹಾಳೆಯ ಮೇಲೆ ಅಚ್ಚು ಮೂಡುತ್ತದೆ. ಅಚ್ಚಿನ ಬಣ್ಣ ಬಹು ಮುಖ್ಯ ಸಾಕ್ಷಿ. ಮನೆಯಲ್ಲಿ ಬಿಳಿ ಹಾಳೆ ಹುಡುಕಿದೆ. ಹಳೆಯ ಉತ್ತರಪತ್ರಿಕೆಗಳ ಹಿಂಬದಿಯೂ ಮಕ್ಕಳ ಪ್ರತಿಭೆಯಿಂದ ತುಂಬಿತ್ತು. ಒಂದೇ ಒಂದು ಶುಭ್ರ ಹಾಳೆ ಸಿಕ್ಕಿತು: ಗೋಡೆಯ ಮೇಲಿನ ತಖ್ತೆ, ಅದರ ಹಿಂಬದಿ. ವಿಜ್ಞಾನಕ್ಕಾಗಿ ಕಿತ್ತೆ.

ಬೆಳಿಗ್ಗೆ ಮುಚ್ಚಿಟ್ಟು ಶಾಲೆಗೆ ಹೋದೆ. ಮಾವ ದಿನವಿಡೀ ಪಕ್ಕದಲ್ಲಿ ಕುಳಿತು ಕಾದರಂತೆ. ಬಂದಾಗ ಬೋಗುಣಿಯ ಮೇಲೆ ಒಂದು ಕಲ್ಲು, ಕಲ್ಲಿನ ಪಕ್ಕ ಒಂದು ಕೋಲು.

"ಯಾರೂ ಮುಟ್ಟಿಲ್ರಿ. ಸುಂದ್ರಮ್ಮನ ಬೆಕ್ಕು ಎರಡ್ ಸಲ ಬಂದಿತ್ತು."

ತೆಗೆದೆವು. ಹಾಳೆಯ ಮೇಲೆ ಬೆರಣಿಯಗಲದ ಒಂದು ಗುಂಡು ಅಚ್ಚು, ಒಣಗಿದ ಹುಲ್ಲಿನಂಥ ಹಸಿರುಗಂದು ಪುಡಿ, ಸಾವಿರಾರು ಸಣ್ಣ ಚುಕ್ಕಿಗಳು. ಮಾವ ಅದನ್ನು ತುಂಬ ಹೊತ್ತು ನೋಡಿ, "ಇಷ್ಟು ಬೀಜ ಇಟ್ಕೊಂಡು ಸುಮ್ಮನ ಕುಂತಿತ್ತಲ್ಲ," ಅಂದರು.

ಗಂಜಿ ಮಾಡಲು ಮರೆತೆ. ನಿನ್ನೆಯ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರು. ತಾಟು ತೊಳೆಯುವ ನೀರು ಉಳಿಯಲಿ ಎಂದು ಒಂದೇ ದೊಡ್ಡ ಪರಾತದಲ್ಲಿ ಇಬ್ಬರೂ ಉಂಡೆವು. ನಲ್ಲಿ ನಾಲ್ಕು ದಿನಕ್ಕೊಮ್ಮೆ ಬರುವಾಗ ಇಂಥ ಮಿತವ್ಯಯ ಅಗತ್ಯ.

ಜುಲೈ 18, ಶುಕ್ರವಾರ

ತೂಕ 43.9. ಹೋದ ವಾರಕ್ಕಿಂತ ಹೆಚ್ಚು. ಡಾಕ್ಟರರ ಯಂತ್ರವನ್ನು ಯಾರಾದರೂ ರಿಪೇರಿ ಮಾಡಿಸಬೇಕು.

ಅನುರಾಧಾ ವಿಡಿಯೊ ಕಾಲ್ ಮಾಡಿ ತಖ್ತೆ ತೋರಿಸಲು ಹೇಳಿದಳು. ತೋರಿಸಿದೆ.

"ಇದೇನ್ರಿ, ರಂಗೋಲಿ?"

"ಬೀಜಕಣದ ಅಚ್ಚು."

"ಚಂದ ಅದ. ಅಪ್ಪ ಏನ್ ಉಂಡ?"

ನೆನಪಾಗಲಿಲ್ಲ. ನೆಟ್‌ವರ್ಕ್ ಹೋಯಿತು ಅಂದೆ.

ನಿಜವಾದ ಚಿಂತೆ ಬೇರೆ. ಇದ್ದ ಏಳು ಅಣಬೆಗಳಲ್ಲಿ ಈಗ ಉಳಿದದ್ದು ಮೂರು. ಮಾವ ದಿನಾ ಬೆಳಿಗ್ಗೆ, "ಗೊತ್ತಾತೇನ್ರಿ?" ಎಂದು ಕೇಳುತ್ತಾರೆ. ಇಷ್ಟು ಆಸೆಯಿಂದ ಕಾಯುವವರಿಗೆ ಕೊನೆಗೆ ಬೇಡ ಎನ್ನಬೇಕಾಗಿ ಬಂದರೆ, ಮತ್ತೆ ತಾಟಿನ ಮೇಲೆ ಅಂಗೈ ಅಡ್ಡ ಬಂದರೆ? ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಸಮ್ರೀನ್ ಪಾಠ ಹೇಳುತ್ತಾಳೆ, ಸಸ್ಯರೋಗ ಅವಳ ವಿಷಯ. ನನ್ನ ಹಳೆಯ ವಿದ್ಯಾರ್ಥಿನಿ. ಫೋನ್ ಮಾಡಿದೆ. "ನಾಳೆ ತಗೊಂಡ್ ಬರ್ರಿ ಸರ್," ಅಂದಳು. ಒಂದು ದಿನದ ರಜೆ ಗೀಚಿ ಕಳಿಸಿದೆ.

ಜುಲೈ 19, ಶನಿವಾರ

ಈ ದಿನವನ್ನು ವಿವರವಾಗಿ ಬರೆಯುವುದು ಅಗತ್ಯ.

ಶಹಾಪುರದ ಬಸ್ಸಿನಲ್ಲಿ ಮಾವ ಅಣಬೆಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಭೀಮರಾಯನಗುಡಿ ಅವರು ಕೆಲಸ ಮಾಡಿದ ಊರು. ನೀರಾವರಿ ಕ್ಯಾಂಪಿನ ಗೇಟು ದಾಟಿದ್ದೇ ಬೆನ್ನು ನೆಟ್ಟಗಾಯಿತು. ನಾನು ಕಾಲೇಜಿನ ದಾರಿ ಕೇಳಲು ನಿಂತರೆ, "ಬರ್ರಿ, ಇದು ನನಗ ಕೇಳ್ರಿ," ಎಂದು ಮುಂದೆ ನಡೆದರು.

ಸಮ್ರೀನ್ ಅಣಬೆ, ಅಚ್ಚಿನ ಹಾಳೆ, ನಮ್ಮ ಟಿಪ್ಪಣಿ ಎಲ್ಲ ನೋಡಿದಳು. ಸ್ಪಂಜಿನ ಒಂದು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಆಮೇಲೆ ತುಟಿಯಂಚಿನಲ್ಲಿ ನಗು ತಡೆದುಕೊಂಡು, "ಸರ್, ಅಣಬೆ ಅಂದ ಮ್ಯಾಲ ಪದರ ಇರ್ತಾವ ಅಂತ ನೀವ ಕಲಿಸಿದ್ರಿ. ಕಾಲೇಜಿನ್ಯಾಗ ಹಂಗೇ ಬರದು ನಾಲ್ಕು ಮಾರ್ಕ್ಸ್ ಕಳಕೊಂಡೀನ್ರಿ," ಅಂದಳು.

"ಸಿಲೆಬಸ್ ಹಂಗಿತ್ತವಾ."

"ಇದು ಬೊಲೀಟ್ ಗುಂಪಿಂದ್ರಿ. ಇವಕ್ಕ ಪದರ ಇರಂಗಿಲ್ಲ, ಸಣ್ಣ ಸಣ್ಣ ಕೊಳವಿ ಇರ್ತಾವ. ಈ ತೂತು ಅಂದ್ರ ಕೊಳವೀ ಬಾಯಿ. ದಿಂಡು ದಪ್ಪ, ಬಲಿ ಇಲ್ಲ, ಉಂಗುರ ಇಲ್ಲ, ಒತ್ತಿದ್ರ ಮೆಲ್ಲಗ ನೀಲಿ, ಅಚ್ಚು ಹಸಿರುಗಂದು. ಫ್ಲೆಬೋಪಸ್ ಅನ್ನೂ ಜಾತಿ ಇರಬಹುದು." ಬುಡ ಸಮೇತ ಎತ್ತಿದ್ದು ಯಾರು ಎಂದು ಕೇಳಿದಳು. ನಾನು ಮಾವನನ್ನು ತೋರಿಸಿದೆ. "ನಮ್ಮ ಹುಡುಗರಿಗೆ ನಾಕ್ ಸಲ ಹೇಳಿದ್ರೂ ಬುಡ ಮುರಕೊಂಡು ತರ್ತಾರ," ಅಂದಳು. ಮಾವ ಛಾವಣಿ ನೋಡಿದರು.

"ತಿನ್ನಬಹುದೇನವಾ?" ಎಂದು ಕೇಳಿದೆ. ನನ್ನ ದನಿ ಪರೀಕ್ಷೆಯ ಫಲಿತಾಂಶ ಕೇಳುವವನ ದನಿಯಾಗಿತ್ತು.

"ಕೆಲವು ಕಡಿ ತಿಂತಾರಂತ ಓದೀನ್ರಿ. ಆದ್ರ ಗುಂಪು ಹೇಳೂದು ಬ್ಯಾರೆ, ಉಣ್ರಿ ಅನ್ನೂದು ಬ್ಯಾರೆ. ಇದು ಅದೇ ಅಂತ ನಾ ಸಹಿ ಹಾಕಂಗಿಲ್ಲ. ಇರುವಿ ತಿಂದ್ರೂ ಬೆಳ್ಳಿ ಬೆಳ್ಳಗಿದ್ರೂ ಲೆಕ್ಕಕ್ಕಿಲ್ಲ. ಕಾಮಾಲಿ ಆದವರಿಗಂತೂ ಬ್ಯಾಡೇ ಬ್ಯಾಡ್ರಿ."

ಹೊರಗೆ ಬಂದೆವು. ಕ್ಯಾಂಪಿನ ಹೊಟೇಲಿನ ಗಲ್ಲೆಯಲ್ಲಿ ಮಾವನ ಗುರುತಿನ ಮುಜಫರ ಇದ್ದ. "ದ್ಯಾವಣ್ಣಾ, ಎಷ್ಟ್ ಬಡವಾಗಿ ಮಾರಾಯ," ಎಂದು ಎದ್ದು ಬಂದ. ಮಾವ, "ಇವರು ನಮ್ಮ ಅಳಿಯಂದ್ರು, ಮಾಸ್ತರು, ಎರಡ್ ಎರಡ್ ಪ್ಲೇಟ್ ಸುಸಲಾ ಹಾಕು," ಅಂದರು. ದುಡ್ಡು ತೆಗೆಯಲು ಹೋದರೆ ನನ್ನ ಕೈಯನ್ನು ಜೇಬಿನಲ್ಲೇ ಒತ್ತಿ ಹಿಡಿದರು. ಎರಡೂ ಪ್ಲೇಟು ಮಂಡಕ್ಕಿ ಒಗ್ಗರಣೆ ಖಾಲಿ ಮಾಡಿದರು. ನನ್ನದರಲ್ಲಿ ಉಳಿದದ್ದನ್ನು ನೋಡಿ, "ಯಾಕ್ರಿ, ಸೇರಲಿಲ್ಲೇನು?" ಅಂದರು. ಅವರ ಮುಂದೆ ಬೇಡ ಅನ್ನುವ ಮಾತು ಇನ್ನೂ ಬಾಕಿ ಇತ್ತು.

ಕಾಲುವೆಯ ದಂಡೆಯ ಮೇಲೆ ಕುಳಿತಾಗ ಹೇಳಿದೆ. "ಮಾಮಾರ, ಬ್ಯಾಡ ಅಂದ್ಲಲ್ರಿ ಆಕಿ."

"ಹೂಂ. ಕೇಳಸ್ತು."

"ಮೂರು ತಿಂಗಳಾದ ಮ್ಯಾಲ ನೀವು ಬಾಯಿಬಿಟ್ಟು ಒಂದು ಕೇಳಿದ್ರಿ. ಅದನ್ನೂ ಕೊಡಾಕ ಆಗ್ಲಿಲ್ಲ."

ಮಾವ ನನ್ನ ಕಡೆ ತಿರುಗಿದರು. "ನಾ ಎಲ್ಲಿ ಕೇಳೀನ್ರಿ?"

"ಪಲ್ಲೆ ಛಲೋ ಆಗ್ತದ ಅಂದ್ರಲ್ರಿ."

"ಅಂದೆ. ನಾ ತಿಂತೀನಿ ಅಂದ್ನೇನು? ನಿಮಗ ಮಾಡಿ ಹಾಕಬೇಕಂತಿದ್ದೆ. ದಿನಾ ನೀವು ಸಾಲಿಯಿಂದ ಬಂದು ಅಡಗಿ ಮಾಡಿ ಹಾಕ್ತೀರಿ, ನನ್ನ ಎಂಜಲು ತಾಟು ತೊಳೀತೀರಿ. ನಾ ಸುಮ್ಮನ ಕುಂತು ಹೆಂಗ ಉಣ್ಣಲಿ? ಹಿತ್ತಲದಾಗ ಅದೊಂದು ಸಿಕ್ತು, ನನ್ನ ಕೈಲೆ ನಿಮಗೊಂದು ಪಲ್ಲೆ ಆಗ್ಲಿ ಅಂದೆ."

"ನನಗ?"

"ನಿಮಗ. ನನಗ ಕಾಮಾಲಿ ಆಗ್ಯಾದ, ನಾ ಯಾಕ ತಿನ್ಲಿ? ವಿಷಾ ಗಿಷಾ ಇದ್ರ?"

ಒಂದು ವಾರದಿಂದ ನಾನು ಯಾರ ಪ್ರಾಣ ಉಳಿಸುತ್ತಿದ್ದೇನೆಂದು ಈಗ ತಿಳಿಯಿತು. ಕಾಲುವೆಯಲ್ಲಿ ಹೊಸ ನೀರು ಬಿಟ್ಟಿದ್ದರು, ಕೆಂಪಗಿತ್ತು. ಇಬ್ಬರೂ ಅದನ್ನು ನೋಡುತ್ತ ಕುಳಿತೆವು. ಮೊದಲು ನಕ್ಕದ್ದು ಮಾವನೋ ನಾನೋ ಹೇಳಲಾರೆ. ನಿಲ್ಲಿಸಿದ್ದು ಬಸ್ಸಿನ ಹಾರ್ನು.

ಜುಲೈ 20, ಭಾನುವಾರ

ಬೆಳಿಗ್ಗೆ ಎದ್ದರೆ ಅಡುಗೆಮನೆಯಲ್ಲಿ ಅಧಿಕಾರ ಹಸ್ತಾಂತರವಾಗಿತ್ತು. ಪುಂಡಿ ಸೊಪ್ಪಿನ ಪಲ್ಲೆ ಬೇಯುತ್ತಿದೆ, ಮಾವ ಬೆಳ್ಳುಳ್ಳಿ ಜಜ್ಜುತ್ತಿದ್ದಾರೆ. "ಗೇಟಿನ ಮನ್ಯಾಗ ಹನ್ನೆರಡು ವರ್ಷ ಒಬ್ಬನ ಮಾಡ್ಕೊಂಡು ಉಂಡೀನ್ರಿ. ನೀವು ಮಾಡೂ ಬ್ಯಾಳಿಕಟ್ಟು ಕಾಮಾಲಿ ಇಲ್ದವರಿಗೂ ಕಾಮಾಲಿ ತರ್ತದ," ಅಂದರು. ನಮ್ಮ ಮನೆಯಲ್ಲಿ ಅತಿಥಿಯೊಬ್ಬರು ಇಷ್ಟು ಸ್ಪಷ್ಟವಾಗಿ ಮಾತಾಡಿದ್ದು ಇದೇ ಮೊದಲು. ನೋವಾಯಿತು. ಪಲ್ಲೆ ಚೆನ್ನಾಗಿತ್ತು.

ನನಗೆ ಉಳ್ಳಾಗಡ್ಡಿ ಹೆಚ್ಚುವ ಕೆಲಸ ಕೊಟ್ಟಿದ್ದಾರೆ. ದಪ್ಪವಾಯಿತೆಂದು ಎರಡು ಸಲ ವಾಪಸು ಬಂತು.

ಜುಲೈ 25, ಶುಕ್ರವಾರ

ತೂಕ 45.4. ಡಾಕ್ಟರು ಯಾವ ಔಷಧಿ ಕೆಲಸ ಮಾಡಿತೆಂದು ಚೀಟಿ ತಿರುಗಿಸಿ ತಿರುಗಿಸಿ ನೋಡಿದರು. ಹೋದ ವಾರ ಯಂತ್ರದ ಮೇಲೆ ಸಂಶಯಪಟ್ಟದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಅಣಬೆಗಳು ಹುಣಸೆಯ ಬುಡದಲ್ಲಿ ಕೊಳೆತು ಮೆತ್ತಗಾಗಿವೆ. ಮಾವನಿಗೆ ಅವುಗಳ ನೆನಪೂ ಇಲ್ಲ. ಬೆಂಡಿ ಬೀಜ ಹಾಕಲು ಅದೇ ಜಾಗ ಅಗೆಯುತ್ತಿದ್ದಾರೆ.

ಜುಲೈ 30, ಬುಧವಾರ

"ಮರಿಲಿಂಗಾ, ಬರೂವಾಗ ಎಣ್ಣಿ ತಗೊಂಡ್ ಬಾ. ಮರತ್ರ ಹೊರಗ ನಿಲ್ಲಬೇಕಾಗ್ತದ," ಎಂದು ಬೆಳಿಗ್ಗೆ ಮಾವ ನನ್ನ ಹೆಸರು ಹಿಡಿದು ಹೇಳಿದರು.

ಮರೆತೆ. ಹತ್ತು ನಿಮಿಷ ನಿಂತೆ.

ಆಗಸ್ಟ್ 3, ಭಾನುವಾರ

ಅನುರಾಧಾ ನಿನ್ನೆ ಸಂಜೆ ಬಂದಳು. ಬಂದವಳೇ ಗೋಡೆ ನೋಡಿದಳು, ತಖ್ತೆ ಇಲ್ಲ. ಅಡುಗೆಮನೆ ನೋಡಿದಳು, ಡಬ್ಬಿಗಳೆಲ್ಲ ಜಾಗ ಬದಲಿಸಿವೆ. ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನನ್ನು ನೋಡಿ, "ಏನ್ ಮಾಡೀರಿ?" ಅಂದಳು. ಅಣಬೆಯ ಗುರುತು ಪತ್ತೆ ಮಾಡಿದ್ದನ್ನು ಟೋಪಿಯಿಂದ ಬುಡದವರೆಗೆ ಕ್ರಮವಾಗಿ ವಿವರಿಸಿದೆ. ಅದಲ್ಲ ನಾನು ಕೇಳಿದ್ದು ಅಂದಳು. ಮತ್ತೆ ಏನು ಕೇಳಿದಳೋ ತಿಳಿಯಲಿಲ್ಲ.

ಮಾವನ ಮಗ ಪರಮಣ್ಣ ನಾಳೆ ಕರೆದೊಯ್ಯಲು ಬರುತ್ತೇನೆಂದು ಫೋನ್ ಮಾಡಿದ್ದ. ಬೆಂಡಿ ಇನ್ನೂ ಮೊಳಕೆ ಒಡೆದಿಲ್ಲ, ಮಳೆಗಾಲದಲ್ಲಿ ಕಕ್ಕೇರಾದ ರಸ್ತೆ ಸರಿಯಿಲ್ಲ, ಇನ್ನೆರಡು ಶುಕ್ರವಾರ ತೂಕ ನೋಡುವುದು ಒಳ್ಳೆಯದು ಎಂದು ನಾನು ಮೂರು ಕಾರಣ ಕೊಟ್ಟು ಮುಂದೂಡಿಸಿದೆ. ಮೂರೂ ಸಂಪೂರ್ಣ ವೈಜ್ಞಾನಿಕ.

ಇಂದು ಮಧ್ಯಾಹ್ನ ಅಡುಗೆ ಅನುರಾಧಾಳದು. ನಮ್ಮಿಬ್ಬರನ್ನೂ ಕೂರಿಸಿ ಬಿಸಿ ರೊಟ್ಟಿ ಬಡಿದು ಬಡಿದು ತಂದು ಹಾಕುತ್ತಿದ್ದಳು. ಮೂರನೆಯದು ಮುಗಿಯಿತು. ಮಾವ ತಾಟು ಮುಂದಕ್ಕೆ ಸರಿಸಿ, "ಇನ್ನೊಂದು ಹಾಕವ್ವ," ಅಂದರು.

ಅನುರಾಧಾ ರೊಟ್ಟಿಯನ್ನು ಕೈಯಲ್ಲೇ ಹಿಡಿದು ನಿಂತಳು. ಈ ಮನೆಯಲ್ಲಿ ಅವಳ ಅಪ್ಪ ಆ ಮಾತು ಆಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲವಂತೆ. ಅದನ್ನು ಆಮೇಲೆ ಹೇಳಿದಳು.

"ಹಾಕ, ಆರ್ತದ," ಅಂದರು ಮಾವ. "ಮರಿಲಿಂಗಗೂ ಒಂದು ಹಾಕು. ಅಂವ ಕೇಳಂಗಿಲ್ಲ, ನಾಚ್ಕಿ ಮಾಡ್ಕೋತಾನ."